ಅಪ್ ಮೇಷ್ಟ್ರು

ಬಸ್‌ಸ್ಟ್ಯಾಂಡಿನ ಎದುರು, ಅಯ್ಯಂಗಾರ್ ಬೇಕರಿಯ ಮಹಡಿಯಲ್ಲಿ, ‘30 ದಿನದಲ್ಲಿ ನಿರರ್ಗಳ ಇಂಗ್ಲಿಷ್’ ಎಂಬ ಬೋರ್ಡು ನೇತಾಡದ ತಾಲ್ಲೂಕು ಕೇಂದ್ರ ನಮ್ಮಲ್ಲಿ ಸಿಗುವುದು ಅಪರೂಪ. ಬೋರ್ಡಿನ ಹಿಂದೆ ಒಬ್ಬ ಮೇಷ್ಟ್ರು ಇದ್ದೇ ಇರುತ್ತಾರೆ. ಇಸ್ತ್ರಿ ಕೆಡದ ಅರ್ಧ ತೋಳಿನ ಅಂಗಿ, ಜೇಬಲ್ಲಿ ಎರಡು ಪೆನ್ನು, ಮೇಜಿನ ಮೇಲೆ ಬೈಂಡು ಬಿಚ್ಚಿಕೊಂಡ ರೆನ್ ಅಂಡ್ ಮಾರ್ಟಿನ್. ವ್ಯಾಕರಣದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಇಷ್ಟದೈವ. ಕೆಲವರಿಗೆ ಟೆನ್ಸು, ಕೆಲವರಿಗೆ ಪ್ಯಾಸಿವ್ ವಾಯ್ಸು. ನಮ್ಮವರಿಗೆ ‘ಅಪ್’.

“ಅಪ್ ಇಲ್ದಿರೋ ಇಂಗ್ಲಿಷು ಉಪ್ಪಿಲ್ದಿರೋ ಸಾರು” ಎಂಬುದು ಮೊದಲ ದಿನದ ಮೊದಲ ಪಾಠ. ಕೆಳಗೆ ಖಾರಾ ಬನ್ ತಿನ್ನುವವರಿಗೂ ಅದು ಪುಕ್ಕಟೆಯಾಗಿ ಕೇಳಿಸುತ್ತದೆ. ಆಮೇಲೆ ಸೀಮೆಸುಣ್ಣದಲ್ಲಿ ‘ಮೇಕ್ ಅಪ್’ ಎಂದು ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ತಾವೇ ನೋಡಿ ಸಂತೋಷಪಡುತ್ತಾರೆ.

“ಮುಖಕ್ಕೆ ಬಳ್ಕೊಂಡ್ರೂ ಮೇಕ್ ಅಪ್ಪೇ. ಗಂಡ ಹೆಂಡ್ತಿ ಜಗಳ ಆಡಿ ರಾಜಿಯಾದ್ರೂ ಮೇಕ್ ಅಪ್ಪೇ. ನೀವು ಕ್ಲಾಸಿಗೆ ಚಕ್ಕರ್ ಹೊಡೆದು, ಅಜ್ಜಿ ತೀರ್ಕೊಂಡ್ರು ಅಂತ ಕಥೆ ಕಟ್ಟಿದ್ರೂ ಮೇಕ್ ಅಪ್ಪೇ. ಗೊತ್ತಾಯ್ತಾ?”

ಯಾರಿಗೂ ಗೊತ್ತಾಗಿರುವುದಿಲ್ಲ. ಮೇಷ್ಟ್ರಿಗೆ ಅದರಿಂದ ಬೇಸರವೂ ಇಲ್ಲ. ಗೊತ್ತಾಗಿಬಿಟ್ಟರೆ ಎರಡನೇ ತಿಂಗಳ ಫೀಸು ಎಲ್ಲಿಂದ ಬರಬೇಕು? ಕೇಳಿದವರಿಗೆ ಉತ್ತರ ಸಿದ್ಧವಿದೆ. “ಡಾಕ್ಟರ್ ಜಾನ್ಸನ್ನೇ 1755ರಲ್ಲಿ ನಿಘಂಟಿನ ಮುನ್ನುಡೀಲಿ ಬರೆದಿಟ್ಟಿದಾನೆ, ಕ್ರಿಯಾಪದಕ್ಕೆ ಹೀಗೆ ಬಾಲ ಹಚ್ಚೋದೇ ಪರದೇಶದವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಅಂತ. ಲೋಗನ್ ಪಿಯರ್ಸಲ್ ಸ್ಮಿತ್ ಪುಸ್ತಕದಿಂದ ಫ್ರೇಸಲ್ ವರ್ಬ್ ಅನ್ನೋ ಹೆಸರು ಚಾಲ್ತಿಗೆ ಬಂದಿದ್ದು 1925ರಲ್ಲಿ. ಹೆಸರಿಡೋಕೇ ಅವರಿಗೆ 170 ವರ್ಷ ಹಿಡೀತು. ನಿಮಗೆ 30 ದಿನ ಸಾಲ್ಲಿಲ್ಲ ಅಂದ್ರೆ ನನ್ನ ತಪ್ಪಾ?”

“ಅರ್ಜಿ ಫಿಲ್ ಇನ್ ಮಾಡೋದಾ, ಫಿಲ್ ಅಪ್ ಮಾಡೋದಾ ಸಾರ್?”

“ಲಂಡನ್ನಿಗೆ ಹೋದ್ರೆ ಫಿಲ್ ಇನ್. ಅಮೆರಿಕಕ್ಕೆ ಹೋದ್ರೆ ಫಿಲ್ ಔಟ್. ತಾಲ್ಲೂಕಾಫೀಸಿಗೆ ಹೋದ್ರೆ ಫಿಲ್ ಅಪ್.”

ಭಕ್ತಿ ಹೆಚ್ಚಾದಾಗ ಅಪಚಾರವೂ ಆಗುತ್ತದೆ. ಇಂಗ್ಲಿಷಿನ ಪಂಡಿತರು ‘ಕೋಪ್’ಗೆ ‘ಅಪ್’ ಹಚ್ಚಲು ಒಪ್ಪುವವರಲ್ಲ. ನಮ್ಮ ಮೇಷ್ಟ್ರು ಹಚ್ಚದೆ ಬಿಟ್ಟವರಲ್ಲ.

ಇವರ ನಿಜವಾದ ತಮಾಷೆ ಇರುವುದು ಬೇರೆ ಕಡೆ. ಬೆಂಚುಗಳ ಮೇಲೆ ಕೂತವರನ್ನೇ ನೋಡಿ. ಗ್ಯಾರೇಜಿನ ಹುಡುಗ ದಿನವಿಡೀ “ಗಾಡಿಗೆ ಪಿಕಪ್ಪೇ ಇಲ್ಲ” ಅನ್ನುತ್ತಾನೆ. ಗುಮಾಸ್ತರು ಫೈಲು ಪುಟಪ್ ಮಾಡುತ್ತಾರೆ. ಕಂಡಕ್ಟರು “ಹೋಲ್ಡಾನ್!” ಎಂದರೆ ಬಸ್ಸೇ ನಿಲ್ಲುತ್ತದೆ. ಪೊಲೀಸರ ಲಾಕಪ್ಪು, ಸಿನಿಮಾದವರ ಪ್ಯಾಕಪ್ಪು, ಕೊನೆಗೆ ಮೇಷ್ಟ್ರ ಬಗ್ಗೆಯೇ ಹಿಂದಿನ ಬೆಂಚಿನ ಪಿಸುಮಾತು: “ಬಿಲ್ಡಪ್ ಜಾಸ್ತಿ ಕಣೋ.” ಬಾಯಲ್ಲಿ ಇಷ್ಟು ಸರಕು ಇಟ್ಟುಕೊಂಡು ಇವರೆಲ್ಲ ಫೀಸು ಕಟ್ಟಿ ಕೂತಿದ್ದಾರೆ! ಮೇಷ್ಟ್ರನ್ನು ಕೇಳಿದರೆ, “ಅದೆಲ್ಲ ಇಂಗ್ಲಿಷಲ್ಲ ಕಣ್ರೋ, ಕನ್ನಡ” ಎಂದು ಮುಖ ಸಿಂಡರಿಸುತ್ತಾರೆ.

ಕನ್ನಡದ ಬಗ್ಗೆ ಅವರಿಗೆ ಕನಿಕರ. ಪ್ರತಿ ಬ್ಯಾಚಿಗೂ ಒಂದು ಸವಾಲು ಹಾಕುತ್ತಾರೆ. “ಈಟ್ ಅಂದ್ರೆ ತಿನ್ನು. ಈಟ್ ಅಪ್ ಅಂದ್ರೆ ತಟ್ಟೇಲಿ ಒಂದಗುಳೂ ಉಳೀಬಾರದು. ಎಲ್ಲಿ, ಕನ್ನಡದಲ್ಲಿ ಒಂದೇ ಮಾತಲ್ಲಿ ಹೇಳಿ ನೋಡೋಣ!”

ಮಾಮೂಲಾಗಿ ಎಲ್ಲರೂ ತಲೆ ತಗ್ಗಿಸುತ್ತಾರೆ. ಮೊನ್ನೆ ಗ್ಯಾರೇಜಿನ ಹುಡುಗ, ಉಗುರಿನ ಸಂದಿಯ ಗ್ರೀಸ್ ಕೆರೆಯುತ್ತಲೇ, “ತಿಂದ್ಬಿಡು” ಅಂದ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಡ್ರಿಂಕ್ ಅಪ್?”

“ಕುಡ್ದ್ಬಿಡು.”

“ಫಿನಿಶ್ ಅಪ್?”

“ಮುಗಿಸ್ಬಿಡು.”

“ಗಿವ್ ಅಪ್?”

“ಬಿಟ್ಬಿಡಿ ಸಾರ್.”

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು.

“ಆಯ್ತು ಬಿಡಪ್ಪ” ಎಂದು ಮೇಷ್ಟ್ರು ಹಾಜರಿ ಪುಸ್ತಕ ಹತ್ತಿರಕ್ಕೆ ಎಳೆದುಕೊಂಡು, ಅವನ ಹೆಸರಿನ ಮುಂದೆ ಬೆರಳಿಟ್ಟರು. “ಹೋದ ತಿಂಗಳದ್ದು ಬಾಕಿ ಇದೆ. ಅದನ್ನ ಮೊದಲು ಪೇ ಅಪ್ ಮಾಡು.”