ಮುದ್ದೆಗಡಿಯಾಚೆ: ವಲಸಿಗರ ವೃತ್ತಿಪಲ್ಲಟ ಕುರಿತ ಒಂದು ಮಹಾಪ್ರಬಂಧದ ಸಾರಲೇಖ

ವಲಸೆ ಹೋದ ವೃತ್ತಿಪರರು ಕೆಲಸ ತಪ್ಪಿದಾಗ ಹೇಗೆ ತಾಳಿಕೊಳ್ಳುತ್ತಾರೆ ಎಂಬುದರ ಬಗ್ಗೆ ಪಾಶ್ಚಾತ್ಯ ವಿದ್ವಾಂಸರು ಗಾಡಿಗಟ್ಟಲೆ ಬರೆದಿದ್ದಾರೆ. ಅವರಾರೂ ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರಲ್ಲವಾದ್ದರಿಂದ ಪರದೇಶ ಎಲ್ಲಿಂದ ಶುರುವಾಗುತ್ತದೆಂಬ ಮೂಲಪ್ರಶ್ನೆ ಹಾಗೇ ಉಳಿದಿತ್ತು. ಈ ಸಂಶೋಧಕನು ಅದನ್ನು ಬಗೆಹರಿಸಿರುತ್ತಾನೆ: ಊಟಕ್ಕೆ ಕೂತಾಗ ಕೇಳದೆಯೇ ತಟ್ಟೆಗೆ ಮುದ್ದೆ ಬೀಳದ ಊರೆಲ್ಲವೂ ಪರದೇಶ. ವೀಸಾ, ಪಾಸ್‌ಪೋರ್ಟು ಇತ್ಯಾದಿ ಗೌಣ.

ಸೂತ್ರವನ್ನು ತಿರುವಿ ಹಾಕಿದರೂ ಕೆಲಸ ಮಾಡುತ್ತದೆ. ಚೋಳರ ಕಾಟಕ್ಕೆ ಶ್ರೀರಂಗ ಬಿಟ್ಟು, 12ನೇ ಶತಮಾನದಲ್ಲಿ ತೊಣ್ಣೂರು, ಮೇಲುಕೋಟೆಗಳಿಗೆ ಬಂದ ರಾಮಾನುಜರಿಗೆ ಮುದ್ದೆ ಸಿಗುವುದೇ ಪರದೇಶ. ಪಾಂಡವಪುರ ತಾಲ್ಲೂಕಿನ ಈ ಮೊದಲ ಅನಿವಾಸಿ ಪ್ರೊಫೆಸರರು ಎದೆಗುಂದದೆ ಹೊಯ್ಸಳ ದೊರೆಯನ್ನೇ ಶಿಷ್ಯನಾಗಿ ಸೇರಿಸಿಕೊಂಡರೆಂದು ಪರಂಪರೆ ಹೇಳುತ್ತದೆ. (ಖಾಯಮಾತಿಗೆ ಕಾದಿರುವ ಅತಿಥಿ ಉಪನ್ಯಾಸಕರು ಗಮನಿಸತಕ್ಕದ್ದು.) 1948ರಲ್ಲಿ ಅದೇ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಆಚೆ ಹೋಗಿ ನಟಿಯಾಗಿ, ಆಮೇಲೆ ಮುಖ್ಯಮಂತ್ರಿಯಾದರು. ಅಲ್ಲಿಗೆ ತಮಿಳು ಸೀಮೆಯ ಬಾಕಿ ಚುಕ್ತಾ. ನೀರಿನ ಬಾಕಿ ಬೇರೆ ಕಡತದಲ್ಲಿದೆ.

ಸಾಮೂಹಿಕ ವಜಾಕ್ಕೂ ನಮ್ಮಲ್ಲಿ ಪೂರ್ವನಿದರ್ಶನವುಂಟು. ಪಾಂಡವಪುರದ ಹತ್ತಿರ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರ ದೆಸೆಯಿಂದ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಬಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಫ್ರೆಂಚರ ನೌಕರಿಯೂ ಬಿತ್ತು. ಕಂಪನಿಯಿಂದ ಕೆಲಸ ಹೋಗುವುದು ಅಂದಿಗೂ ಇತ್ತು. ಅಂದಿನದು ಈಸ್ಟ್ ಇಂಡಿಯಾ ಕಂಪನಿ, ಅಷ್ಟೆ.

ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದ ಯಡಿಯೂರಪ್ಪನವರನ್ನು ವಲಸಿಗರ ಪಟ್ಟಿಗೆ ಸೇರಿಸಿದ್ದಕ್ಕೆ ನಮ್ಮ ಮಾರ್ಗದರ್ಶಕರು ಆಕ್ಷೇಪಿಸಿದರು: “ಶಿಕಾರಿಪುರ ಪರದೇಶವೇನ್ರೀ?” ರಾಗಿ ಸೀಮೆಯ ಹುಡುಗ ಹೋಗಿ ಗುಮಾಸ್ತನಾಗಿ ಸೇರಿದ್ದು ಅಕ್ಕಿ ಗಿರಣಿಗೆ ಎಂದು ನಿವೇದಿಸಿಕೊಂಡ ಮೇಲೆ ಸಹಿ ಹಾಕಿದರು. ಅಮೆರಿಕದ ಸಾಫ್ಟ್‌ವೇರ್ ಉದ್ಯಮದಿಂದ ಮರಳಿ ಬಂದ ದರ್ಶನ್ ಪುಟ್ಟಣ್ಣಯ್ಯ ಮೇಲುಕೋಟೆ ಕ್ಷೇತ್ರದಲ್ಲಿ 2018ರಲ್ಲಿ ಸೋತು 2023ರಲ್ಲಿ ಗೆದ್ದರು. ಪ್ರೊಬೇಷನ್ ಐದು ವರ್ಷ ಎಂದಾಯಿತು.

ಇನ್ನು ತಾಳಿಕೆ. ತಾಳಿಕೊಳ್ಳಬೇಕಾದವನು ಕೆಲಸ ಕಳೆದುಕೊಂಡವನು ಎಂಬುದು ಪಾಶ್ಚಾತ್ಯರ ಭ್ರಮೆ. ಎಚ್-1ಬಿ ವೀಸಾದವನಿಗೆ ನೌಕರಿ ಹೋದರೆ ಬೇರೆ ಹುಡುಕಿಕೊಳ್ಳಲು ಅಮೆರಿಕ ಸರ್ಕಾರ ಹೆಚ್ಚೆಂದರೆ 60 ದಿನ ಕೊಡುತ್ತದೆ. ಊರಲ್ಲಿರುವ ಅವನ ಅವ್ವನಿಗೆ ಒಂದು ದಿನವನ್ನೂ ಯಾರೂ ಕೊಡುವುದಿಲ್ಲ. ನಾಗಮಂಗಲ ಕಡೆಯ ಹಳ್ಳಿಯೊಂದರಲ್ಲಿ ಸಂಶೋಧಕನು ಕಣ್ಣಾರೆ ಕಂಡಂತೆ, ಹಾಗೆ ವಾಪಸಾದ ಮಗನನ್ನು ತಾಯಿ ಜಗಲಿಯ ಮೇಲೆ ಕೂರಿಸಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಡಿಸಿದ್ದರು. ಬೀದಿಯಲ್ಲಿ ಕೊಡ ಹೊತ್ತವರು ಕಂಡ ಕೂಡಲೇ ಒಳಗಿಂದ ಕೆಮ್ಮು. ಮಗ ಕೀಲಿಗಳನ್ನು ಟಕಟಕ ಒತ್ತತಕ್ಕದ್ದು.

ಪಕ್ಕದ ಮನೆಯಾಕೆ ನಿಂತರು. “ಅಕ್ಕಾ, ರಜದ ಮ್ಯಾಲೆ ಬಂದವ್ನಾ?”

“ಮನೇಲೇ ಕೂತ್ಕಂಡು ಅಮೆರಿಕದ ಕೆಲ್ಸ ಮಾಡ್ತಾವ್ನೆ ಕಣವ್ವ.”

“ಬೆಳಿಗ್ಗಿಂದ ಕರೆಂಟೇ ಇಲ್ವಲ್ಲಕ್ಕ?”

“ನಮ್ ಕರೆಂಟ್ ಕಣವ್ವ ಇಲ್ದಿರಾದು. ಅವಂದು ಅಮೆರಿಕದ್ದು.”