ಬಾಕ್ಸರ್ ಮುಖದಲ್ಲಿ ಉಳಿದಿರೋ ಹಳೇ ಬೇಟೆನಾಯಿ

ಅಕ್ಕ, ನಿಮ್ಮ ಬಾಕ್ಸರ್‌ನ ಕೆಳದವಡೆ ಯಾಕೆ ಹಾಗೆ ಮುಂದಕ್ಕೆ ಬಂದಿದೆ, ಮೂಗು ಯಾಕೆ ಹಿಂದಕ್ಕೆ ಕೂತಿದೆ ಅಂತ ಕೇಳಿದ್ರಲ್ಲ, ಅದನ್ನ ಹೇಳಬೇಕು ಅಂದ್ರೆ ಮುನ್ನೂರು ವರ್ಷ ಹಿಂದಕ್ಕೆ, ಜರ್ಮನಿಯ ಕಾಡಿಗೇ ಹೋಗಬೇಕು. ಒಲೆ ಮೇಲೆ ಏನಾದ್ರೂ ಇಟ್ಟಿದ್ರೆ ಸಣ್ಣಗೆ ಉರಿ ಮಾಡಿ ಬನ್ನಿ. ಇದು ಒಂದು ಮಾತಲ್ಲಿ ಮುಗಿಯೋ ವಿಷಯ ಅಲ್ಲ.

ಅಲ್ಲಿ ಬುಲೆನ್‌ಬೈಸರ್ ಅಂತ ಒಂದು ಬೇಟೆನಾಯಿ ಇತ್ತು. ಈಗ ಹುಡುಕಿದ್ರೂ ಒಂದು ಸಿಗಲ್ಲ. ರಾಜರು, ದೊಡ್ಡ ಜಮೀನ್ದಾರರು ಕಾಡುಹಂದಿ, ಕರಡಿ ಬೇಟೆಗೆ ಅಂತ ಇದನ್ನ ಹಿಂಡುಗಟ್ಟಲೆ ಸಾಕ್ತಿದ್ರು. ಅಟ್ಟಿಸಿಕೊಂಡು ಹೋಗೋ ನಾಯಿಗಳು ಬೇರೆ. ಓಡಿ ಓಡಿ ದಣಿದ ಹಂದಿ ತಿರುಗಿ ನಿಂತಾಗ ಇದನ್ನ ಬಿಡ್ತಿದ್ರು. ಇದರ ಕೆಲಸ ಕೊಲ್ಲೋದಲ್ಲ, ಹಿಡ್ಕೊಳ್ಳೋದು. ಬೇಟೆಗಾರ ಈಟಿ ತಗೊಂಡು ಹತ್ತಿರ ಬರೋ ತನಕ ಹಂದಿ ಎಷ್ಟು ಒದ್ದಾಡಿದ್ರೂ ಕಚ್ಚಿದ ಬಾಯಿ ಸಡಿಲ ಮಾಡೋ ಹಾಗಿಲ್ಲ. ಬಾಯಿ ತುಂಬ ಹಂದಿಯ ಕಿವಿ ಇರುವಾಗ್ಲೂ ಉಸಿರಾಡ್ತಾ ಇರಬೇಕು. ಅದಕ್ಕೇ ಅಗಲ ಮೂತಿ, ಮುಂದೆ ಚಾಚಿದ ಕೆಳದವಡೆ, ತುಸು ಹಿಂದೆ ಸರಿದ ಮೂಗು ಅಂತ ಬಾಕ್ಸರ್ ಸಾಕೋರು ತಲೆಮಾರುಗಳಿಂದ ಹೇಳ್ಕೊಂಡು ಬಂದಿದ್ದಾರೆ. ಹಂದಿಯ ಕೋರೆಗೆ ಸಿಕ್ಕಿ ಹರೀಬಾರದು ಅಂತ ನಾಯಿಯ ಕಿವಿಯನ್ನ ಮೊದ್ಲೇ ಕತ್ತರಿಸಿಬಿಡ್ತಿದ್ರು. ಆಮೇಲೆ ಹಂದಿ ಬೇಟೆ ಹೋಯ್ತು, ಕತ್ತರಿ ಮಾತ್ರ ಉಳ್ಕೊಳ್ತು. ಜರ್ಮನಿಯಲ್ಲೇ ಕಿವಿ ಕತ್ತರಿಸೋದಕ್ಕೆ ತಡೆ ಬಂದಿದ್ದು 1980ರ ದಶಕದಲ್ಲಿ, ಬಾಲ ಕತ್ತರಿಸೋದಕ್ಕೆ 1998ರಲ್ಲಿ. ನಿಮ್ಮವನಿಗೆ ಎರಡನ್ನೂ ಹುಟ್ಟಿದ ಹಾಗೇ ಬಿಟ್ಟಿದ್ದೀರಲ್ಲ, ಅದು ನೋಡಿದಾಗೆಲ್ಲ ನಂಗೆ ಖುಷಿ ಆಗುತ್ತೆ.

ಆ ಬುಲೆನ್‌ಬೈಸರ್‌ನಲ್ಲಿ ಎರಡು ಬಗೆ. ಡಾನ್ಜಿಗ್ ಕಡೇದು ದೊಡ್ಡದು, ಬ್ರಬಾಂಟ್ ಕಡೇದು ಚಿಕ್ಕದು. ಡಾನ್ಜಿಗ್ ಅಂದ್ರೆ ಇವತ್ತು ಪೋಲೆಂಡಿನಲ್ಲಿರೋ ಗ್ದಾನ್ಸ್ಕ್. ಬ್ರಬಾಂಟ್ ಇರೋದು ಬೆಲ್ಜಿಯಂ, ನೆದರ್‌ಲೆಂಡ್ಸ್ ಕಡೆ. ನಿಮ್ಮವನು ಈ ಚಿಕ್ಕ ಬಗೆಯ ಕುಲ. ಗ್ರೇಟ್ ಡೇನ್ ನೋಡಿದ್ದೀರಲ್ಲ, ಕರು ಎತ್ತರಕ್ಕೆ ಬೆಳೆಯುತ್ತಲ್ಲ, ಅದೂ ಜರ್ಮನಿಯ ಹಂದಿಬೇಟೆ ನಾಯಿಗಳಿಂದ ಬಂದದ್ದೇ. ಅದರ ಮೈಯಲ್ಲೂ ಬುಲೆನ್‌ಬೈಸರ್ ರಕ್ತ ಇದೆ ಅಂತ ಬರೆದೋರಿದ್ದಾರೆ. ಅದು ಹಾಗಿರಲಿ.

ಇಷ್ಟು ಗಟ್ಟಿ ನಾಯಿ ಇಲ್ಲವಾದದ್ದು ಯಾವ ರೋಗದಿಂದಲೂ ಅಲ್ಲ. ಯಾರೂ ಕೊಂದಿದ್ದೂ ಅಲ್ಲ. ನೆಪೋಲಿಯನ್ ಯುದ್ಧಗಳು ಮುಗಿಯೋ ಹೊತ್ತಿಗೆ ಆ ದೊಡ್ಡ ಜಮೀನುಗಳೆಲ್ಲ ಒಡೆದು ಚೂರಾದ್ವು, ಅದರ ಜೊತೆ ಬೇಟೆಯ ವೈಭವವೂ ಹೋಯ್ತು. ಬೇಟೆ ಇಲ್ಲದ ಮೇಲೆ ನಾಯಿಹಿಂಡಿಗೆ ಅನ್ನ ಹಾಕೋರು ಯಾರು? ಕೆಲವು ಕಟುಕರ ಅಂಗಡಿಗೆ, ದನದ ವ್ಯಾಪಾರಿಗಳ ಮನೆಗೆ ಸೇರ್ಕೊಂಡ್ವು. ಅಲ್ಲಿ ಮೊಂಡು ಗೂಳಿಗಳನ್ನ ಹತೋಟಿಗೆ ತರೋ ಕೆಲಸ ಸಿಕ್ತು. ಅದರಿಂದಲೇ ಒಂದಷ್ಟು ಕಾಲ ಬದುಕಿದ್ವು. ಆಮೇಲೆ ಇಂಗ್ಲೆಂಡಿನ ಬುಲ್‌ಡಾಗ್ ಬಂತು. ಎರಡನ್ನೂ ಕೂಡಿಸ್ತಾ ಹೋದ್ರು. ಹಾಲಿಗೆ ನೀರು ಬೆರೆಸ್ತಾ ಹೋದ್ರೆ ಯಾವ ಚೊಂಬಿನಲ್ಲಿ ಹಾಲು ಮುಗೀತು ಅಂತ ತೋರಿಸೋಕೆ ಆಗುತ್ತಾ? ಬುಲೆನ್‌ಬೈಸರ್ ಹೋಗಿದ್ದೂ ಹಾಗೇ. ‘ಅಳಿದುಹೋಯ್ತು’ ಅಂತ ಪುಸ್ತಕದಲ್ಲಿ ಓದಿದಾಗ ನನಗೆ ಪೂರ್ತಿ ಒಪ್ಪಿಗೆ ಆಗಲ್ಲ. ಕೆಲಸ ಹೋಯ್ತು, ಹೆಸರು ಹೋಯ್ತು. ಕುಲ ಇನ್ನೂ ನಡೀತಿದೆ.

ಆ ಕುಲದಿಂದ ಬಾಕ್ಸರ್ ಹುಟ್ಟಿದ್ದು ಮ್ಯೂನಿಕ್‌ನಲ್ಲಿ. ಗೆಯೋರ್ಗ್ ಆಲ್ಟ್ ಅಂತ ಒಬ್ಬರು ಫ್ರಾನ್ಸಿನಿಂದ ಹುಲಿಪಟ್ಟೆ ಬಣ್ಣದ ಒಂದು ಹೆಣ್ಣುನಾಯಿ ತಂದ್ರು. ಹೆಸರು ಫ್ಲೋರಾ. ಊರಿನದೇ ಒಂದು ನಾಯಿ ಜೊತೆ ಕೂಡಿಸಿದಾಗ ಒಂದು ಗಂಡುಮರಿ ಆಯ್ತು. ಆ ಮರಿ ದೊಡ್ಡದಾದ ಮೇಲೆ ತಾಯಿ ಜೊತೆಗೇ ಕೂಡಿಸಿದ್ರು. ಹೌದು ಅಕ್ಕ, ತಾಯಿ ಮಗನನ್ನೇ. ತಳಿ ಕಟ್ಟೋರು ಆವಾಗ ಇದನ್ನೆಲ್ಲ ಯೋಚನೆ ಮಾಡ್ತಿರಲಿಲ್ಲ. ಹಾಗೆ ಹುಟ್ಟಿದ ಷೆಕೆನ್ ಅನ್ನೋ ಹೆಣ್ಣನ್ನ ಟಾಮ್ ಅನ್ನೋ ಇಂಗ್ಲಿಷ್ ಬುಲ್‌ಡಾಗ್‌ಗೆ ಕೊಟ್ರು. ಅವುಗಳ ಮಗ ಫ್ಲೋಕಿ. ಬಾಕ್ಸರ್‌ಗಳ ವಂಶಾವಳಿ ಪುಸ್ತಕದಲ್ಲಿ ಮೊದಲನೇ ನಂಬರು ಅವನದೇ. 1890ರ ದಶಕದ ಮಧ್ಯದಲ್ಲಿ ಮ್ಯೂನಿಕ್‌ನಲ್ಲಿ ಬಾಕ್ಸರ್ ಕ್ಲಬ್ಬೂ ಶುರುವಾಯ್ತು. ಆಮೇಲೆ ಮೇಟಾ ಫಾನ್ ಡೆರ್ ಪಸಾಜ್ ಅನ್ನೋ ಒಂದು ನಾಯಿ ಬಂತು. ಮೈ ಬಹುಪಾಲು ಬಿಳಿ. ಈಗಿನ ಬಾಕ್ಸರ್‌ಗಳ ಕುಲಮಾತೆ ಅಂತಲೇ ಅವಳನ್ನ ಕರೀತಾರೆ.

ಅವಳ ಬಣ್ಣದ ಮಾತು ಬಂದ್ರೆ ನಂಗೆ ಸಂಕಟ ಆಗುತ್ತೆ. ಕುಲಮಾತೆಯೇ ಬಿಳಿ, ಆದ್ರೂ ಮುಂದೆ ಬಿಳಿ ಬಾಕ್ಸರ್ ಬೇಡ ಅಂತ ನಿಯಮ ಮಾಡಿದ್ರು. ಎದೆ, ಕಾಲಲ್ಲಿ ಬಿಳಿ ಜಾಸ್ತಿ ಇರೋ ಎರಡು ಬಾಕ್ಸರ್ ಕೂಡಿದ್ರೆ ಸುಮಾರು ಕಾಲು ಭಾಗ ಮರಿಗಳು ಬಿಳಿ ಹುಟ್ಟುತ್ವೆ. ಎಷ್ಟೋ ವರ್ಷ ಅವನ್ನ ಹುಟ್ಟಿದ ಕೂಡಲೇ ಸಾಯಿಸಿಬಿಡ್ತಿದ್ರು. ಅವುಗಳಲ್ಲಿ ಕೆಲವಕ್ಕೆ ಕಿವಿ ಕೇಳಿಸಲ್ಲ, ಅದು ನಿಜ. ಆದ್ರೆ ಕಿವುಡು ನಾಯಿ ಕೈಸನ್ನೆ ಕಲಿಯುತ್ತೆ. ಎಲ್ಲಾದ್ರೂ ಬಿಳಿ ಮರಿ ಇದೆ ಅಂತ ಗೊತ್ತಾದ್ರೆ ದಯವಿಟ್ಟು ನಂಗೆ ಹೇಳಿ.

ಈ ಕತೆಯಲ್ಲಿ ನಂಗೆ ತುಂಬ ಹತ್ತಿರದೋರು ಒಬ್ಬ ಹೆಂಗಸು, ಫ್ರೀಡರುನ್ ಷ್ಟಾಕ್‌ಮನ್. ರೀಗಾ ಊರಿನ ಹುಡುಗಿ, ಶಿಲ್ಪಕಲೆ ಕಲಿಯೋಕೆ ಮ್ಯೂನಿಕ್‌ಗೆ ಬಂದೋಳು. ನಾಯಿ ಮೈಯ ಗೆರೆ, ಸ್ನಾಯು ನೋಡೋ ಕಣ್ಣು ಅವಳಿಗೆ ಶಿಲ್ಪದಿಂದಲೇ ಬಂದಿರಬೇಕು. ‘ಫಾಮ್ ಡೋಮ್’ ಅನ್ನೋ ಹೆಸರಲ್ಲಿ ಬಾಕ್ಸರ್ ಸಾಕಿ ಬೆಳೆಸಿದ್ಲು. ಮೊದಲ ಮಹಾಯುದ್ಧದಲ್ಲಿ ಗಂಡ ಸೈನ್ಯದಲ್ಲಿ ನಾಯಿ ತರಬೇತಿ ಕೆಲಸಕ್ಕೆ ಹೋದ್ರು. ಇವಳ ನಾಯಿಗಳೂ ಹೋದ್ವು. ಮನೆಗೆ ಹಿಂತಿರುಗಿದೋರಲ್ಲಿ ರೋಲ್ಫ್ ಅನ್ನೋ ಗಂಡುನಾಯಿ ಒಬ್ಬ. ಆಮೇಲೆ ಬಡತನ. 1937ರಲ್ಲಿ ತನ್ನ ಅತಿ ಒಳ್ಳೆ ನಾಯಿ ಲುಸ್ಟಿಗ್‌ನ ಅಮೆರಿಕಕ್ಕೆ ಮಾರಬೇಕಾಯ್ತು. ಅಮೆರಿಕದಲ್ಲಿ ಬಾಕ್ಸರ್ ಮೇಲಕ್ಕೆ ಬಂದಿದ್ದೇ ಹೀಗೆ ಜರ್ಮನಿಯಿಂದ ಹೋದ ಕೆಲವೇ ನಾಯಿಗಳಿಂದ, ಅದರಲ್ಲಿ ಲುಸ್ಟಿಗ್‌ನ ಪಾಲು ದೊಡ್ಡದು. ಅಲ್ಲಿನ ದೊಡ್ಡ ನಾಯಿ ಪ್ರದರ್ಶನದಲ್ಲಿ 1951ರಲ್ಲಿ ಬ್ಯಾಂಗ್ ಅವೇ ಅನ್ನೋ ಬಾಕ್ಸರ್ ಗೆದ್ದಾಗ ಎಲ್ಲರ ಮನೆಯಲ್ಲೂ ಬಾಕ್ಸರ್ ಬೇಕು ಅನ್ನೋ ಹಾಗಾಯ್ತು. ಹೊಟ್ಟೆಪಾಡಿಗೆ ಆ ಹೆಂಗಸು ಬಿಟ್ಟುಕೊಟ್ಟ ನಾಯಿಯ ವಂಶ ಅಷ್ಟು ದೂರದಲ್ಲಿ ಹಾಗೆ ಬೆಳೀತು.

ಏನಂದ್ರಿ? ಎಲ್ಲಾ ಒಂದೇ ಕುಟುಂಬದೋರು ಅಂದ ಹಾಗಾಯ್ತು ಅಂದ್ರಾ? ಅಲ್ಲೇ ಇರೋದು ವಿಷಯ. ನಾಯಿಯ ವಂಶವಾಹಿಯನ್ನ ಪೂರ್ತಿ ಓದಬೇಕು ಅಂತ ವಿಜ್ಞಾನಿಗಳು ಹೊರಟಾಗ ಟಾಷಾ ಅನ್ನೋ ಹೆಣ್ಣು ಬಾಕ್ಸರ್‌ನ ಆರಿಸಿಕೊಂಡ್ರು. ಪರೀಕ್ಷೆ ಮಾಡಿ ನೋಡಿದ ತಳಿಗಳಲ್ಲಿ ಬಾಕ್ಸರ್‌ನಲ್ಲಿ ಏರುಪೇರು ಕಮ್ಮಿ, ಹಾಗಾಗಿ ಓದೋದು ಸುಲಭ. ಸುಮಾರು 240 ಕೋಟಿ ಅಕ್ಷರಗಳ ಆ ಬರಹ 2005ರಲ್ಲಿ ಅಚ್ಚಾಯ್ತು. ವಿಜ್ಞಾನಕ್ಕೆ ಅನುಕೂಲ ಆಗಿದ್ದು ನಾಯಿಗೆ ಅನುಕೂಲ ಅಲ್ಲ. ಒಂದೇ ರಕ್ತ ಮತ್ತೆ ಮತ್ತೆ ಸುತ್ತಿದ್ರೆ ಒಳಗಿನ ದೋಷವೂ ಅದರ ಜೊತೆ ಸುತ್ತುತ್ತೆ. ಬಾಕ್ಸರ್‌ಗಳಲ್ಲಿ ಮೈಯಲ್ಲಿ ಗಂಟು, ಕ್ಯಾನ್ಸರ್ ಜಾಸ್ತಿ. ಹೃದಯದ ಒಂದು ಕಾಯಿಲೆ ಅಂತೂ ಅವುಗಳ ಹೆಸರಲ್ಲೇ ಪ್ರಸಿದ್ಧ. ಹೃದಯದ ಬಲಗಡೆ ಸ್ನಾಯು ಹೋಗಿ ಕೊಬ್ಬು ತುಂಬ್ಕೊಳ್ಳುತ್ತೆ, ಬಡಿತ ತಾಳ ತಪ್ಪುತ್ತೆ. ಚೆನ್ನಾಗಿ ಆಡ್ತಿದ್ದ ನಾಯಿ ತಟ್ಟನೆ ಬಿದ್ದುಬಿಡುತ್ತೆ.

ಮುಖದ ವಿಷಯದಲ್ಲೂ ಇದೇ ಮಾತು. ಬೇಟೆನಾಯಿಯ ಮೂತಿ ಕಚ್ಚಿಕೊಂಡೇ ಉಸಿರಾಡೋಕೆ ಆಗೋ ಅಷ್ಟು ಉದ್ದ ಇತ್ತು. ನೋಡೋಕೆ ಚೆಂದ ಅಂತ ಅದನ್ನ ಗಿಡ್ಡ ಮಾಡ್ತಾ ಬಂದು, ಈಗಿನ ಎಷ್ಟೋ ಮರಿಗಳಿಗೆ ನಾಲ್ಕು ಹೆಜ್ಜೆ ಓಡಿದ್ರೆ ಏದುಸಿರು. ಹಂದಿ ಹಿಡಿಯೋದು ಬೇಡ, ಸಂಜೆ ಬೀದಿಯ ಕೊನೇ ತನಕ ಓಡಾಡಿ ಬರೋ ಅಷ್ಟಾದ್ರೂ ಉಸಿರು ಬೇಡ್ವಾ?

ನಿಮ್ಮವನಿಗೆ ಮೂಗಿನ ಹೊಳ್ಳೆ ಅಗಲ ಇದೆ, ಮೂತಿ ಪರವಾಗಿಲ್ಲ. ಆದ್ರೂ ಬಿಸಿಲು ಏರಿದ ಮೇಲೆ ಹೊರಗೆ ಬಿಡಬೇಡಿ, ತೂಕ ಏರೋಕೆ ಬಿಡಬೇಡಿ. ಮೂರು ವರ್ಷ ದಾಟಿದ್ದಾನಲ್ಲ, ವರ್ಷಕ್ಕೊಂದು ಸಲ ಹೃದಯ ತೋರಿಸಿ. ಮೈಗೆ ಒಂದು ಯಂತ್ರ ಕಟ್ಟಿ ಇಪ್ಪತ್ನಾಲ್ಕು ಗಂಟೆ ಬಡಿತ ಅಳೆಯೋ ಹೋಲ್ಟರ್ ಪರೀಕ್ಷೆ ಅಂತ ಇದೆ, ಅದು ಸಿಗುತ್ತಾ ಅಂತ ಡಾಕ್ಟರನ್ನ ಕೇಳಿ. ಯಾವತ್ತಾದ್ರೂ ಆಡ್ತಾ ಆಡ್ತಾ ಕಾಲು ಸೋತು ಕೂತುಬಿಟ್ರೆ, ಎದ್ದ ತಕ್ಷಣ ಸರಿ ಹೋದ್ನಲ್ಲ ಅಂತ ಸುಮ್ಮನಿರಬೇಡಿ ಅಕ್ಕ, ನನ್ನನ್ನ ಕೂಗಿ. ರಾತ್ರಿ ಎಷ್ಟು ಹೊತ್ತಾಗಿದ್ರೂ ಸರಿ, ಗಾಡಿ ತೆಗೀತೀನಿ.