ನರಭಕ್ಷಕ ಚಿತ್ರಮೀಮಾಂಸೆ

ಕಾವ್ಯಕ್ಕೆ ಮೀಮಾಂಸೆಯಿದೆ, ನಾಟ್ಯಕ್ಕೆ ಶಾಸ್ತ್ರವಿದೆ, ಅಡುಗೆಗೆ ಪಾಕದರ್ಪಣವಿದೆ. ಕುದುರೆಯ ಸುಳಿಗೂ ಆನೆಯ ಅಜೀರ್ಣಕ್ಕೂ ನಮ್ಮ ಹಿರಿಯರು ಗ್ರಂಥ ಬರೆದಿಟ್ಟು ಹೋಗಿದ್ದಾರೆ. ಆದರೆ ಭಾನುವಾರ ಮಧ್ಯಾಹ್ನ ಉಂಡು ಟಿವಿ ಹಾಕಿದರೆ ಯಾವುದಾದರೊಂದು ಚಾನೆಲ್ಲಿನಲ್ಲಿ ಖಾತ್ರಿಯಾಗಿ ಸಿಗುವ, ಎಂಟು ಮಂದಿ ಕಾಡಿಗೆ ಹೋಗಿ ಒಂದೂವರೆ ಮಂದಿ ಹಿಂದಿರುಗುವ ಹಾಲಿವುಡ್ ಚಿತ್ರಗಳಿಗೆ ಮಾತ್ರ ಇಂದಿಗೂ ಒಂದು ಲಕ್ಷಣಗ್ರಂಥವಿಲ್ಲ. ಈ ಅನಾಥ ಪ್ರಕಾರವನ್ನು ದತ್ತು ತೆಗೆದುಕೊಳ್ಳುವ ಉದ್ದೇಶದಿಂದ ಪ್ರಸ್ತುತ ಲೇಖಕ ಈ ಕಿರುಪ್ರಬಂಧವನ್ನು ವಿದ್ವಾಂಸರ ಮುಂದಿಡುತ್ತಿದ್ದಾನೆ. ಅನುದಾನ ಕೊಡುವವರು ಯಾರಾದರೂ ಇದ್ದರೆ ಗಮನಿಸಬೇಕು.

ಮೊದಲು ಲಕ್ಷಣ. ಮನುಷ್ಯರ ಗುಂಪೊಂದು ತನಗೆ ಸಂಬಂಧವಿಲ್ಲದ ಜಾಗಕ್ಕೆ ಹೋಗಿ, ಅಲ್ಲಿ ತಲೆತಲಾಂತರದಿಂದ ವಾಸವಾಗಿರುವ ಪ್ರಾಣಿಯನ್ನು ಕಂಡು ‘ಇದೆಲ್ಲಿಂದ ಬಂತು?’ ಎಂದು ಕಿರುಚುವುದೇ ನರಭಕ್ಷಕ ಚಿತ್ರ. ಈ ಲಕ್ಷಣ ಕಾಡಂಚಿನ ರೆಸಾರ್ಟುಗಳಿಗೂ ಅನ್ವಯಿಸುವುದರಿಂದ ಅತಿವ್ಯಾಪ್ತಿ ದೋಷ ಬರುತ್ತದೆಂದು ಕೆಲವರು ಆಕ್ಷೇಪಿಸಬಹುದು. ಅದು ದೋಷವಲ್ಲ, ಇಷ್ಟಾಪತ್ತಿ.

ಇನ್ನು ಪ್ರಾಣಿಯ ಇರುವಿಕೆಯನ್ನು ತಿಳಿಯುವ ಬಗೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಾರ್ಕಿಕರು ಊಹಿಸುತ್ತಾರೆ. ಅದೇ ಕ್ರಮದಲ್ಲಿ ಹಾಲಿವುಡ್ಡಿನ ತಾರ್ಕಿಕರು ‘ಎಲ್ಲೆಲ್ಲಿ ಟವರ್ ಸಿಗುವುದಿಲ್ಲವೋ ಅಲ್ಲಲ್ಲಿ ಮೃಗವಿದೆ’ ಎಂಬ ವ್ಯಾಪ್ತಿಯನ್ನು ಸ್ಥಾಪಿಸಿದ್ದಾರೆ. ನಾಯಕಿ ಮೊಬೈಲನ್ನು ಆಕಾಶಕ್ಕೆತ್ತಿ ಒಂದು ಸುತ್ತು ತಿರುಗಿದಳೆಂದರೆ ಪೊದೆಯ ಹಿಂದೆ ಕರಡಿ ಎದ್ದು ಮೈಮುರಿದಿದೆ ಎಂದೇ ಅರ್ಥ. 2014ರ ‘ಬ್ಯಾಕ್‌ಕಂಟ್ರಿ’ ಎಂಬ ಕೆನಡಾದ ಚಿತ್ರದ ನಾಯಕ ಈ ಶಾಸ್ತ್ರದಲ್ಲಿ ಎಷ್ಟು ಪಾರಂಗತನೆಂದರೆ, ಟವರ್ ಹೋಗಲಿ ಎಂದು ಕಾಯುವ ತಾಳ್ಮೆಯೂ ಇಲ್ಲದೆ ಜೊತೆಗಾತಿಯ ಫೋನನ್ನು ಕಾರಿನಲ್ಲೇ ಬಿಟ್ಟುಬರುತ್ತಾನೆ. ಅರಣ್ಯ ಸಿಬ್ಬಂದಿ ಕೊಡಲು ಬಂದ ನಕ್ಷೆಯನ್ನೂ ಬೇಡವೆನ್ನುತ್ತಾನೆ. ತನಗೆ ದಾರಿ ಗೊತ್ತಂತೆ. ಮುಂದೆ ಅವನಿಗೆ ಏನಾಯಿತೆಂದು ಹೇಳುವುದು ಪುನರುಕ್ತಿ.

ಆದರೆ ಈ ವ್ಯಾಪ್ತಿ ಕರ್ನಾಟಕದಲ್ಲಿ ನಿಲ್ಲುವುದಿಲ್ಲ. ಪ್ರಸ್ತುತ ಲೇಖಕನ ಮನೆಯ ಬಚ್ಚಲಿನಲ್ಲಿ ಟವರ್ ಸಿಗುವುದಿಲ್ಲ, ಅಲ್ಲಿರುವುದು ಒಂದು ಹಲ್ಲಿ ಮಾತ್ರ. ಹಾಗೆಂದು ಇದನ್ನು ತಿರುವಿ ಹಾಕಿ, ಟವರ್ ಇದ್ದಲ್ಲಿ ಮೃಗವಿಲ್ಲ ಎಂದರೂ ಸಲ್ಲದು. ಸಕಲೇಶಪುರ, ಆಲೂರು ಕಡೆ ಕಾಫಿ ತೋಟಕ್ಕೆ ಹೋಗುವವರ ಮೊಬೈಲಿಗೆ ‘ಆನೆ ಇಂಥ ಕಡೆ ಇದೆ’ ಎಂದು ಮೊದಲೇ ಮೆಸೇಜು ಬರುತ್ತದೆ. ಅಲ್ಲಿ ಟವರೂ ಇದೆ, ಮೃಗವೂ ಇದೆ, ಮೃಗದ ಬಗ್ಗೆ ಟವರೇ ಮಾತಾಡುತ್ತದೆ. ಹಾಲಿವುಡ್ಡಿಗೆ ಈ ಸುದ್ದಿ ತಲುಪಿದರೆ ಅರ್ಧಕ್ಕರ್ಧ ಚಿತ್ರಕಥೆಗಾರರು ಮನೆಯಲ್ಲಿ ಕೂರಬೇಕಾಗುತ್ತದೆ.

ರಸವಿಚಾರಕ್ಕೆ ಬರೋಣ. ಭಯಾನಕಕ್ಕೆ ಭರತಮುನಿ ಕಪ್ಪು ಬಣ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಗೊತ್ತುಮಾಡಿದ್ದಾನೆ. ಇದನ್ನು ಅಕ್ಷರಶಃ ಪಾಲಿಸಿದವನು ಜೋ ಕಾರ್ನಹನ್. 2011ರ ಅವನ ‘ದಿ ಗ್ರೇ’ ಚಿತ್ರದಲ್ಲಿ ವಿಮಾನ ಅಲಾಸ್ಕಾದ ಹಿಮದಲ್ಲಿ ಬೀಳುತ್ತದೆ, ಬದುಕಿ ಉಳಿದವರನ್ನು ತೋಳಗಳು ಒಬ್ಬೊಬ್ಬರನ್ನಾಗಿ ಮುಗಿಸುತ್ತವೆ. ಕೊನೆಗೆ ಲಿಯಾಮ್ ನೀಸನ್ ವಿಮಾನದಲ್ಲಿ ಕೊಡುವ ಪುಟ್ಟ ಮದ್ಯದ ಬಾಟಲಿಗಳನ್ನು ಒಡೆದು, ಚೂಪು ಮೇಲಾಗುವಂತೆ ಬೆರಳ ಗೆಣ್ಣಿಗೆ ಟೇಪು ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಚಾಕು ಹಿಡಿದು, ಮುಖ್ಯ ತೋಳನ ಮೇಲೆ ಏರಿಹೋಗುತ್ತಾನೆ. ಟ್ರೇಲರ್ ನೋಡಿ ಟಿಕೆಟ್ ಕೊಂಡವರೆಲ್ಲ ಕಾದದ್ದು ಈ ಕುಸ್ತಿಗಾಗಿ. ಆಗ ಪರದೆ ಕಪ್ಪಾಗುತ್ತದೆ. ಚಿತ್ರ ಮುಗಿಯಿತು. ಭರತನ ಬಣ್ಣಕ್ಕೆ ಸಂದ ಗೌರವವಿದು ಎಂಬುದು ಪ್ರಸ್ತುತ ಲೇಖಕನ ಮತ, ಟಿಕೆಟ್ಟಿನ ಹಣ ದಂಡವಾಯಿತೆಂಬುದು ಲೌಕಿಕರ ಮತ. ಉತ್ತರ ಅಮೆರಿಕದಲ್ಲಿ ಕಾಡುತೋಳ ಮನುಷ್ಯನನ್ನು ಕೊಂದ ದಾಖಲೆಗಳು ಬೆರಳೆಣಿಕೆಯಷ್ಟು. ಈ ಚಿತ್ರದ ತೋಳಗಳು ಕೆಲವೇ ದಿನಗಳಲ್ಲಿ ಶತಮಾನದ ಬಾಕಿ ತೀರಿಸುತ್ತವೆ.

ಧ್ವನಿಸಿದ್ಧಾಂತದ ಪ್ರಕಾರ ಹೇಳಿದ್ದಕ್ಕಿಂತ ಹೇಳದೆ ಸೂಚಿಸಿದ್ದೇ ಶ್ರೇಷ್ಠ. ಆನಂದವರ್ಧನನಿಗೆ ಇದು ಹೊಳೆದದ್ದು ಪ್ರತಿಭೆಯಿಂದ, ಸ್ಪೀಲ್‌ಬರ್ಗಾಚಾರ್ಯರಿಗೆ ಉಪ್ಪುನೀರಿನಿಂದ. 1975ರ ‘ಜಾಸ್’ ಚಿತ್ರಕ್ಕಾಗಿ ಮಾಡಿಸಿದ ಯಂತ್ರದ ಶಾರ್ಕಿಗೆ ಅವರು ತಮ್ಮ ವಕೀಲರ ಹೆಸರನ್ನೇ ಇಟ್ಟು ಬ್ರೂಸ್ ಎಂದು ಕರೆದರು. (ವಕೀಲರ ಫೀಸಿನ ಬಗ್ಗೆ ಇಲ್ಲಿ ಧ್ವನಿಯೇನಾದರೂ ಇದ್ದರೆ ಸಹೃದಯರು ಊಹಿಸಬೇಕು.) ಸಮುದ್ರಕ್ಕೆ ಇಳಿಸಿದ್ದೇ ತಡ, ಬ್ರೂಸ್ ಕೆಟ್ಟು ನಿಂತ. 55 ದಿನಕ್ಕೆ ಮುಗಿಯಬೇಕಿದ್ದ ಚಿತ್ರೀಕರಣ 159 ದಿನ ಹಿಡಿಯಿತು. ಶಾರ್ಕ್ ಇಲ್ಲದೆ ಶಾರ್ಕ್ ಚಿತ್ರ ಮಾಡುವ ಫಜೀತಿಯಲ್ಲಿ ನೀರನ್ನು ತೋರಿಸಿದರು, ತೇಲುವ ಹಳದಿ ಪೀಪಾಯಿಗಳನ್ನು ತೋರಿಸಿದರು, ಜಾನ್ ವಿಲಿಯಮ್ಸ್ ಎರಡೇ ಸ್ವರಗಳನ್ನು ತಿರುಗಿಸಿ ತಿರುಗಿಸಿ ನುಡಿಸಿದರು. ಪ್ರೇಕ್ಷಕರು ಬೆವೆತರು. ಮೋಟರು ಸರಿಯಾಗಿ ಓಡಿದ್ದರೆ ಪಾಶ್ಚಾತ್ಯರಿಗೆ ಧ್ವನಿ ದಕ್ಕುತ್ತಿರಲಿಲ್ಲ.

‘ಜಾಸ್’ನ ಇನ್ನೊಂದು ಪಾತ್ರವನ್ನು ಹತ್ತಿರದಿಂದ ನೋಡಬೇಕು. ಅದು ಆ ಕಡಲೂರಿನ ಮೇಯರ್. ಜುಲೈ 4ರ ರಜೆಗೆ ಪ್ರವಾಸಿಗರು ಬಾರದಿದ್ದರೆ ಊರಿನ ವ್ಯಾಪಾರ ಕೆಡುತ್ತದೆಂದು ಅವನು ಕಡಲತೀರ ಮುಚ್ಚಲು ಒಪ್ಪುವುದಿಲ್ಲ. ಜನ ಸತ್ತರೂ ಒಪ್ಪುವುದಿಲ್ಲ. ಅವನ ಕೋಟಿನ ಮೇಲೆ ಸಣ್ಣ ಸಣ್ಣ ಲಂಗರುಗಳ ಚಿತ್ತಾರವಿದೆ. ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂಬ ನಾಲ್ಕು ಬಗೆಯ ನಾಯಕರಲ್ಲಿ ಇವನು ಯಾರೂ ಅಲ್ಲ. ಐದನೆಯ ಬಗೆಯಾಗಿ ‘ಧೀರಪ್ರವಾಸೋದ್ಯಮಿ’ಯನ್ನು ಸೇರಿಸುವುದು ಅನಿವಾರ್ಯ. ಶಾರ್ಕ್ ಚಿತ್ರ ಮುಗಿಯುವಾಗ ಸಾಯುತ್ತದೆ, ಮೇಯರ್ ಎರಡನೆಯ ಭಾಗದಲ್ಲೂ ಮೇಯರಾಗಿಯೇ ಇರುತ್ತಾನೆ. ಇಡೀ ಪ್ರಕಾರದಲ್ಲಿ ವಾಸ್ತವಕ್ಕೆ ಇಷ್ಟು ಹತ್ತಿರವಾದದ್ದು ಇನ್ನೊಂದಿಲ್ಲ.

ಧ್ವನಿಯನ್ನು ಬಿಟ್ಟು ಎಲ್ಲವನ್ನೂ ಬಿಚ್ಚಿ ತೋರಿಸಿದರೆ ಏನಾಗುತ್ತದೆಂಬುದಕ್ಕೆ 1997ರ ‘ಅನಕೊಂಡ’ ನಿದರ್ಶನ. ಹಾವಿಗೆ ಧ್ವನಿತಂತುಗಳಿಲ್ಲ, ಈ ಹಾವು ಮಾತ್ರ ಕಿರುಚುತ್ತದೆ. ದೋಣಿ ಹಿಂದಕ್ಕೆ ಹೋಗುವಂತೆ ಕಾಣಲಿ ಎಂದು ಫಿಲ್ಮನ್ನು ತಿರುಗುಮುರುಗು ಓಡಿಸಿದ್ದರಿಂದ ಹಿನ್ನೆಲೆಯ ಜಲಪಾತ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ನುಂಗಿಸಿಕೊಂಡ ಜಾನ್ ವಾಯ್ಟ್ ಹಾವಿನ ಹೊಟ್ಟೆಯಿಂದ ಲೋಳೆಲೋಳೆಯಾಗಿ ಹೊರಬಿದ್ದು, ನಾಯಕಿಗೆ ಕಣ್ಣು ಹೊಡೆಯುತ್ತಾನೆ. ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂದು ಪ್ರಾಚೀನರು ಹೇಳಿದ್ದು ಸರಿ. ಆದರೆ ಭಯಾನಕ ಭಂಗವಾದ ಜಾಗದಲ್ಲಿ ಹಾಸ್ಯ ಇಷ್ಟು ಹುಲುಸಾಗಿ ಬೆಳೆಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಮರಣಕ್ರಮದ ಬಗ್ಗೆ ಸಂಕ್ಷೇಪವಾಗಿ. ಮೊದಲು ಸಾಯುವವನು ತಮಾಷೆ ಮಾಡುವವನು. ತೊಂಬತ್ತರ ದಶಕದಲ್ಲಾದರೆ ಗುಂಪಿನ ಏಕೈಕ ಕಪ್ಪುವರ್ಣೀಯ. ‘ನಾವೆಲ್ಲ ಒಟ್ಟಾಗಿರಬೇಕು’ ಎಂದು ಭಾಷಣ ಶುರುಮಾಡುವವನಿಗೂ ಉಳಿಗಾಲವಿಲ್ಲ. 1999ರ ‘ಡೀಪ್ ಬ್ಲೂ ಸೀ’ಯಲ್ಲಿ ಸ್ಯಾಮ್ಯುಯೆಲ್ ಜಾಕ್ಸನ್ ಇಂಥದೇ ಸ್ಫೂರ್ತಿಯ ಭಾಷಣ ಮಾಡುತ್ತಿರುವಾಗ ಹಿಂದಿನ ಕೊಳದಿಂದ ಶಾರ್ಕ್ ಹಾರಿ ವಾಕ್ಯದ ನಡುವೆಯೇ ಅವನನ್ನು ಒಯ್ಯುತ್ತದೆ. ನಮ್ಮ ಸನ್ಮಾನ ಸಮಾರಂಭಗಳಲ್ಲಿ ಇಂಥ ವ್ಯವಸ್ಥೆ ಇಲ್ಲದಿರುವುದು ವಿಷಾದನೀಯ. ಬದುಕುವವರು ಯಾರೆಂಬುದೂ ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತದೆ. ‘ಕ್ರಾಲ್’ನ ಹುಡುಗಿ ಈಜುಪಟು, ಆದ್ದರಿಂದ ಫ್ಲಾರಿಡಾದ ಮೊಸಳೆಗಳಿಗಿಂತ ವೇಗವಾಗಿ ಈಜುತ್ತಾಳೆ. ‘ದ ಶಾಲೋಸ್’ನವಳು ವೈದ್ಯಕೀಯ ವಿದ್ಯಾರ್ಥಿನಿ, ಆದ್ದರಿಂದ ತನ್ನ ಒಡವೆಯಿಂದಲೇ ತೊಡೆಯ ಗಾಯಕ್ಕೆ ಹೊಲಿಗೆ ಹಾಕಿಕೊಳ್ಳುತ್ತಾಳೆ. ‘ದಿ ಎಡ್ಜ್’ನ ಆಂಥನಿ ಹಾಪ್ಕಿನ್ಸ್ ಬರೀ ಪುಸ್ತಕ ಓದುವವನು, ಅವನೂ ಬದುಕುತ್ತಾನೆ. ಪ್ರಸ್ತುತ ಲೇಖಕನಿಗೆ ಈ ಚಿತ್ರದ ಮೇಲೆ ವಿಶೇಷ ಮಮತೆ. ಅದರಲ್ಲಿ ನರಭಕ್ಷಕನಾಗಿ ನಟಿಸಿದ ಬಾರ್ಟ್ ಎಂಬ ಕರಡಿ ಮರುವರ್ಷ ಆಸ್ಕರ್ ವೇದಿಕೆಯನ್ನೂ ಹತ್ತಿ, ಯಾರಿಗೂ ತೊಂದರೆ ಕೊಡದೆ ಇಳಿದು ಹೋಯಿತು. ಮನುಷ್ಯರೆಲ್ಲರ ಬಗ್ಗೆ ಹಾಗೆ ಹೇಳುವಂತಿಲ್ಲ.

ಈಗ ಪ್ರಬಂಧದ ಹೃದಯಭಾಗ. ಪ್ರಾಣಿ ಮನುಷ್ಯನನ್ನು ಏಕೆ ತಿನ್ನುತ್ತದೆ? ಹಾಲಿವುಡ್ಡಿನ ಸಿದ್ಧಾಂತ: ದುಷ್ಟತನದಿಂದ. ಅದಕ್ಕೆ ಪೂರ್ವದ್ವೇಷವಿದೆ, ಹಟವಿದೆ, ಗುಂಪಿನಲ್ಲಿ ಹೆಂಡತಿಗೆ ಮೋಸ ಮಾಡಿದವನಾರೆಂಬ ಖಚಿತ ಮಾಹಿತಿಯೂ ಇದೆ. ಇದನ್ನು ಖಂಡಿಸಿ ಪ್ರಸ್ತುತ ಲೇಖಕ ‘ದಂತಮೂಲವಾದ’ವನ್ನು ಪ್ರತಿಪಾದಿಸುತ್ತಾನೆ.

ಮೊದಲ ಪ್ರಮಾಣ ತ್ಸಾವೊ. 1898ರಲ್ಲಿ, ಈಗಿನ ಕೆನ್ಯಾದಲ್ಲಿ, ತ್ಸಾವೊ ನದಿಗೆ ರೈಲು ಸೇತುವೆ ಕಟ್ಟಲು ಭಾರತದಿಂದ ಕರೆದೊಯ್ದ ಕೂಲಿಗಳನ್ನು ಎರಡು ಸಿಂಹಗಳು ಡೇರೆಯಿಂದ ಎಳೆದೊಯ್ದು ತಿಂದವು. ಡಿಸೆಂಬರಿನಲ್ಲಿ ಸೇತುವೆ ಕಟ್ಟಿಸುತ್ತಿದ್ದ ಪ್ಯಾಟರ್ಸನ್ ಎರಡನ್ನೂ ಕೊಂದ. ಸತ್ತವರು 135 ಎಂಬ ಲೆಕ್ಕವನ್ನೂ ಅವನು ಕೊಟ್ಟ. ಚರ್ಮಗಳು ಕಾಲು ಶತಮಾನ ಅವನ ಮನೆಯಲ್ಲಿ ಕಾಲೊರಸಾಗಿ ಬಿದ್ದಿದ್ದು, 1924ರಲ್ಲಿ ಷಿಕಾಗೊದ ಫೀಲ್ಡ್ ಮ್ಯೂಸಿಯಂ ಪಾಲಾದವು. ಅಲ್ಲಿಯ ಮಾದರಿಗಳ ಮೂಳೆ ಮತ್ತು ಕೂದಲಿನ ರಾಸಾಯನಿಕ ಪರೀಕ್ಷೆಯಿಂದ 2009ರಲ್ಲಿ ಬಂದ ಅಂದಾಜು 35ರ ಆಸುಪಾಸು. ಅದಕ್ಕಿಂತ ಮುಖ್ಯವಾಗಿ, ಒಂದು ಸಿಂಹದ ಕೋರೆಹಲ್ಲು ಮುರಿದು ಬೇರಿನಲ್ಲಿ ಕೀವು ಕಟ್ಟಿತ್ತು. ಕಾಡೆಮ್ಮೆಯ ಕುತ್ತಿಗೆ ಕಚ್ಚುವ ಸ್ಥಿತಿಯಲ್ಲಿ ಅದಿರಲಿಲ್ಲ. ಈ ಕಥೆಯನ್ನು 1996ರಲ್ಲಿ ‘ದಿ ಗೋಸ್ಟ್ ಅಂಡ್ ದ ಡಾರ್ಕ್‌ನೆಸ್’ ಎಂದು ಚಿತ್ರ ಮಾಡಿದರು. ಓಂ ಪುರಿಯೂ ಇದ್ದಾರೆ. ತ್ಸಾವೊ ಸಿಂಹಗಳಿಗೆ ಕೇಸರವಿರಲಿಲ್ಲ, ಚಿತ್ರದವಕ್ಕೆ ಕೇಸರ ಬಂತು, ಇತಿಹಾಸದಲ್ಲಿಲ್ಲದ ಮೈಕಲ್ ಡಗ್ಲಾಸ್ ಬಂದ, ಪಿಶಾಚಿಯ ಗುಮಾನಿ ಬಂತು. ಹಲ್ಲುನೋವು ಮಾತ್ರ ಬರಲಿಲ್ಲ.

ಎರಡನೆಯ ಪ್ರಮಾಣ ಚಂಪಾವತ್. 436 ಜನರನ್ನು ಕೊಂದಿತೆನ್ನಲಾದ ಹೆಣ್ಣುಹುಲಿಯನ್ನು 1907ರಲ್ಲಿ ಜಿಮ್ ಕಾರ್ಬೆಟ್ ಹೊಡೆದು ಬಾಯಿ ತೆರೆದು ನೋಡಿದರೆ, ಬಲಬದಿಯ ಮೇಲಿನ ಕೆಳಗಿನ ಕೋರೆಹಲ್ಲುಗಳೆರಡೂ ಮುರಿದಿದ್ದವು. ಯಾರದೋ ಹಳೆಯ ಗುಂಡೇಟು. ಮುಕ್ತೇಸರದ ಇನ್ನೊಂದು ಹುಲಿಗೆ ಮುಳ್ಳುಹಂದಿಯ ಸಹವಾಸದಿಂದ ಒಂದು ಕಣ್ಣು ಹೋಗಿ, ಮೈಯೊಳಗೆ ಐವತ್ತರಷ್ಟು ಮುಳ್ಳು ಸೇರಿತ್ತು. ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿ ಬೆಳೆದ ಕನ್ನಡಿಗರಿಗೆ ಇದೇನೂ ಹೊಸದಲ್ಲ. ಕಾರ್ಬೆಟ್ಟನಾಗಲಿ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ ಆಗಲಿ ಬಂದೂಕು ಹಿಡಿದೂ ವೈದ್ಯರ ಹಾಗೆ ಯೋಚಿಸುತ್ತಿದ್ದರು. ಪ್ರಾಣಿಗೆ ಏನಾಗಿದೆ ಎಂಬುದು ಅವರ ಮೊದಲ ಪ್ರಶ್ನೆ. ಕಾಡಿನ ಚಿತ್ರಗಳಿಗೆ ಬೇಕಾಗಿರುವುದು ಸ್ನಾಯು ಹುರಿಗಟ್ಟಿದ ನಾಯಕನಲ್ಲ, ಇಕ್ಕಳ ಹಿಡಿದ ದಂತವೈದ್ಯ.

ಹಲ್ಲುನೋವಿರುವವರೆಲ್ಲ ನರಭಕ್ಷಕರಾಗುತ್ತಾರೆಯೇ ಎಂಬ ಆಕ್ಷೇಪ ಬರಬಹುದು. ಹಲ್ಲುನೋವಿರುವ ಗುಮಾಸ್ತರ ಮುಂದೆ ಅರ್ಜಿ ಹಿಡಿದು ನಿಂತವರು ಈ ಪ್ರಶ್ನೆ ಕೇಳುವುದಿಲ್ಲ.

ಪ್ರಾಣಿಗೆ ದ್ವೇಷವಿಲ್ಲವೆಂಬುದಕ್ಕೆ ಇನ್ನೂ ಸಾಕ್ಷಿಯಿದೆ. 2023ರ ‘ಕೊಕೇನ್ ಬೇರ್’ನಲ್ಲಿ ಕರಡಿಯೊಂದು ಮಾದಕವಸ್ತು ತಿಂದು ಕಂಡಕಂಡವರನ್ನು ಸೀಳುತ್ತದೆ. 1985ರಲ್ಲಿ ಜಾರ್ಜಿಯಾದಲ್ಲಿ ನಿಜವಾಗಿಯೂ ಹಾಗೆ ತಿಂದ ಕರಡಿ ಯಾರನ್ನೂ ಮುಟ್ಟದೆ ತಾನೇ ಸತ್ತಿತು. ದ್ವೇಷ ಮನುಷ್ಯನಿಗೂ ಚಿತ್ರ ತೋರಿಸುವಷ್ಟಿಲ್ಲ. 1823ರಲ್ಲಿ ಕರಡಿಯಿಂದ ಹರಿಸಿಕೊಂಡ ಹ್ಯೂ ಗ್ಲಾಸ್, ತನ್ನನ್ನು ಸಾಯಲು ಬಿಟ್ಟುಹೋದವರನ್ನು ಹುಡುಕಿಕೊಂಡು ಹೋಗಿ ಕೊನೆಗೆ ಕೊಲ್ಲದೆ ಬಿಟ್ಟ. ‘ದ ರೆವನೆಂಟ್’ ಚಿತ್ರದವರು ಅವನಿಗೊಬ್ಬ ಮಗನನ್ನು ಹುಟ್ಟಿಸಿ, ಕೊಲ್ಲಿಸಿ, ರಕ್ತ ಹರಿಸಿದರು. ಕ್ಷಮೆಗೆ ಆಸ್ಕರ್ ಬರುವುದಿಲ್ಲ. ‘ಜಾಸ್’ ಕಾದಂಬರಿ ಬರೆದ ಪೀಟರ್ ಬೆಂಚ್ಲಿಯಂತೂ ಮುಂದೆ ಶಾರ್ಕ್‌ಗಳ ಪರವಾಗಿಯೇ ವಕಾಲತ್ತು ಹಾಕಿದ. ಜಗತ್ತಿನಲ್ಲಿ ಶಾರ್ಕ್‌ಗಳಿಂದ ಸಾಯುವವರು ವರ್ಷಕ್ಕೆ ಸರಾಸರಿ ಆರೇಳು ಮಂದಿ. ಭಾರತವೊಂದರಲ್ಲೇ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸುಮಾರು 58,000 ಎಂಬ ಅಂದಾಜಿದೆ. ಗದ್ದೆಯಲ್ಲಿ ಕತ್ತಲಲ್ಲಿ ನೀರು ಕಟ್ಟಲು ಹೋದವನ ಕಥೆಗೆ ಬಂಡವಾಳ ಹಾಕುವ ನಿರ್ಮಾಪಕ ಇನ್ನೂ ಹುಟ್ಟಿಲ್ಲ.

ಆದ್ದರಿಂದ ಕೊನೆಗೆ ಒಂದು ಕಥೆಯ ಎಳೆಯನ್ನು ಉಚಿತವಾಗಿ ಕೊಡುತ್ತಿದ್ದೇನೆ. ಸ್ಥಳ: ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು, ಕ್ಯಾಸನೂರು ಕಾಡು. ಕಾಲ: 1957. ಮೊದಲು ಮಂಗಗಳು ಮರದಿಂದ ಸತ್ತು ಬೀಳುತ್ತವೆ. ಆಮೇಲೆ ದರಕು ಗುಡಿಸಲು, ಸೌದೆ ತರಲು ಹೋದವರಿಗೆ ಜ್ವರ ಏರುತ್ತದೆ, ಕೆಲವರಿಗೆ ರಕ್ತಸ್ರಾವ. ಖಳನಾಯಕ ಉಣುಗು. ಮರಿಯಾಗಿದ್ದಾಗ ಎಳ್ಳಿಗಿಂತ ಚಿಕ್ಕದು, ಯಂತ್ರವೂ ಬೇಡ, ಗ್ರಾಫಿಕ್ಸೂ ಬೇಡ, ಕಾಣದಿರುವುದರಿಂದ ಧ್ವನಿಸಿದ್ಧಾಂತಕ್ಕೂ ಲೋಪವಿಲ್ಲ. ಮಂಗನ ಕಾಯಿಲೆ ಎಂದು ಹೆಸರು ಬಿದ್ದು, ಪಾಪದ ಮಂಗ ಸತ್ತ ಮೇಲೂ ಅಪವಾದ ಹೊತ್ತಿದೆ. ಆದರೆ ಉಣುಗಿಗೆ ಘರ್ಜಿಸಲು ಬರುವುದಿಲ್ಲ, ಪೋಸ್ಟರಿನಲ್ಲಿ ಬಾಯಿ ತೆರೆದು ನಿಲ್ಲಲೂ ಬರುವುದಿಲ್ಲ. ಪಾತ್ರ ಸಿಗಲಿಲ್ಲ.

ಡಿಸೆಂಬರಿನಿಂದ ಮೇ ತನಕ ಮಲೆನಾಡಿನ ಕಾಡಿಗೆ ಚಾರಣ ಹೊರಡುವ ಓದುಗರು ಹುಲಿ ಕರಡಿಗಳ ಚಿಂತೆ ಬಿಟ್ಟು ತುಂಬುತೋಳಿನ ಅಂಗಿ ತೊಡಿ, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.